ಐದು ಪಾಳಿಯ ಸರಾಸರಿ

‘ಅಮೆರಿಕದ ಗಣಿ ಕಂಪನಿಗಳು ದೂಳಿನ ನಿಯಮವನ್ನು ಕೋರ್ಟಿನಲ್ಲಿ ಪ್ರಶ್ನಿಸಿದರೆ ನಿಮಗೇಕೆ ಸಿಟ್ಟು? ಅಳತೆಯ ತಕರಾರು ಅಷ್ಟೇ. ಮಾಸ್ಕ್ ಕೊಟ್ಟರೆ ಸಾಲದೇ?’ ಎಂದು ಓದುಗರೊಬ್ಬರು ಕೇಳಿದ್ದಾರೆ.

ಪ್ರಶ್ನಿಸುವುದು ಅವರ ಹಕ್ಕು, ಒಪ್ಪಿದೆ. ಆದರೆ ‘ಅಳತೆಯ ತಕರಾರು ಅಷ್ಟೇ’ ಎಂದು ದಾಟಿಬಿಟ್ಟಿರಲ್ಲ, ಅಲ್ಲಿ ಸ್ವಲ್ಪ ನಿಲ್ಲಿ.

ಕಲ್ಲಿದ್ದಲು ಗಣಿಗಳಲ್ಲಿ ಹಳೆಯ ಮಿತಿ ಘನ ಮೀಟರ್ ಗಾಳಿಗೆ 2.0 ಮಿಲಿಗ್ರಾಂ ದೂಳು. ಕಂಪನಿ ಒಪ್ಪಿಸುತ್ತಿದ್ದ ಐದು ಪಾಳಿಗಳ ಗಾಳಿಯ ಮಾದರಿಗಳ ಸರಾಸರಿ ಇದರೊಳಗಿದ್ದರೆ ಸಾಕಿತ್ತು. ಲೆಕ್ಕ ಹಾಕಿ ನೋಡಿ: 2.6, 2.4, 1.3, 1.2, 1.0. ಸರಾಸರಿ 1.7. ಎರಡು ಪಾಳಿ ಮಿತಿ ಮೀರಿದರೂ ಕಾಗದದಲ್ಲಿ ಉಲ್ಲಂಘನೆಯೇ ಇಲ್ಲ! ಎಂದಿನ ಉತ್ಪಾದನೆಯ ಅರ್ಧದಷ್ಟು ನಡೆದ ದಿನದ ಮಾದರಿಯೂ ಸಲ್ಲುತ್ತಿತ್ತು. ಶ್ವಾಸಕೋಶಕ್ಕೆ ಸರಾಸರಿ ಗೊತ್ತಿಲ್ಲ ಸ್ವಾಮಿ, ಒಳಗಿಳಿದ ದೂಳು ಅಲ್ಲೇ ಉಳಿಯುತ್ತದೆ.

ಒಂದೇ ಪಾಳಿಯ ಅಳತೆ ಸಾಕೆಂದು ಸರ್ಕಾರ ತೀರ್ಮಾನಿಸಿದಾಗ 1998ರಲ್ಲಿ ಹನ್ನೊಂದನೇ ಸರ್ಕಿಟ್ ಕೋರ್ಟ್ (ಅಲ್ಲಿನ ಕೇಂದ್ರದ ಮೇಲ್ಮನವಿ ಕೋರ್ಟುಗಳಲ್ಲೊಂದು) ಅದನ್ನು ರದ್ದು ಮಾಡಿತು. ಆರ್ಥಿಕ ಸಾಧ್ಯತೆಯ ಪರಿಶೀಲನೆ ನಡೆದಿಲ್ಲ ಎಂಬುದು ಕಾರಣ. ಒಂದೇ ಪಾಳಿಯ ಅಳತೆ, 1.5ರ ಮಿತಿ ಎರಡೂ ಇದ್ದ 2014ರ ನಿಯಮವನ್ನು ಅದೇ ಕೋರ್ಟ್ ಎತ್ತಿಹಿಡಿದದ್ದು 2016ರ ಜನವರಿಯಲ್ಲಿ. ನಡುವೆ, 2010ರ ಏಪ್ರಿಲ್ 5ರಂದು, ಪಶ್ಚಿಮ ವರ್ಜೀನಿಯಾದ ಅಪ್ಪರ್ ಬಿಗ್ ಬ್ರಾಂಚ್ ಗಣಿ ಸ್ಫೋಟಿಸಿ 29 ಮಂದಿ ಸತ್ತರು. ಶ್ವಾಸಕೋಶ ಪರೀಕ್ಷಿಸಲು ಸಾಧ್ಯವಾದ 24 ಮಂದಿಯಲ್ಲಿ 17 ಜನರಿಗೆ ಬ್ಲ್ಯಾಕ್ ಲಂಗ್, ಅಂದರೆ ಕಲ್ಲಿದ್ದಲು ದೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ, ಇತ್ತು. ಸ್ಫೋಟ ಆಗದಿದ್ದರೂ ಅವರ ಉಸಿರು ಕುಗ್ಗುತ್ತಲೇ ಇತ್ತು.

ಈಗಿನ ಜಗಳ ಸಿಲಿಕಾದ್ದು, ಅಂದರೆ ಮರಳುಗಲ್ಲಿನಿಂದ ಏಳುವ ದೂಳಿನದ್ದು. ದಪ್ಪ ಪದರಗಳು ಮುಗಿಯುತ್ತ ಬಂದಂತೆ ಯಂತ್ರ ಕಲ್ಲಿದ್ದಲಿನ ಜೊತೆಗೆ ಮೇಲಿನ, ಕೆಳಗಿನ ಮರಳುಗಲ್ಲನ್ನೂ ಕೊರೆಯುತ್ತದೆ. ಯಂತ್ರದ ಹಲ್ಲುಗಳು ಸವೆದಿದ್ದರೆ ದೂಳು ಇನ್ನೂ ಹೆಚ್ಚು. ಸಿಲಿಕಾದ ಮಿತಿಯನ್ನು ಘನ ಮೀಟರ್ ಗಾಳಿಗೆ 50 ಮೈಕ್ರೋಗ್ರಾಂಗೆ ಇಳಿಸುವ 2024ರ ನಿಯಮ ಕಲ್ಲಿದ್ದಲು ಗಣಿಗಳಿಗೆ 2025ರ ಏಪ್ರಿಲ್ 14ರಿಂದ ಅನ್ವಯವಾಗಬೇಕಿತ್ತು. ಹತ್ತು ದಿನ ಮೊದಲು ಎಂಟನೇ ಸರ್ಕಿಟ್ ಕೋರ್ಟ್ ತಡೆ ಕೊಟ್ಟಿತು. ಸರ್ಕಾರವೂ ತಾನಾಗಿ ಜಾರಿಯನ್ನು ಮುಂದೂಡಿತು, ನನಗೆ ಹೆಚ್ಚು ನೋವಾದದ್ದು ಅದಕ್ಕೆ. ಕೆಲಸಗಾರರ ಪರ ನಿಲ್ಲಬೇಕಾದವರೇ ಹಿಂದೆ ಸರಿದರೆ ಅವರ ಪರ ವಾದಿಸುವವರು ಯಾರು?

ಇನ್ನು ನಿಮ್ಮ ಮಾಸ್ಕ್. ಗಡ್ಡ ಬೆಳೆದರೆ ಅದರ ಅಂಚು ಮುಖಕ್ಕೆ ಕೂರುವುದಿಲ್ಲ, ಬೆವರಿಗೆ ಜಾರುತ್ತದೆ, ಯಂತ್ರದ ಗದ್ದಲದಲ್ಲಿ ಕೂಗಿ ಹೇಳಲು ಅದನ್ನು ಇಳಿಸಲೇಬೇಕು. ದೂಳನ್ನು ಹುಟ್ಟುವಲ್ಲೇ ಹಿಡಿಯಬೇಕು: ಕೊರೆಯುವ ಹಲ್ಲುಗಳ ಹಿಂದೆ ನೀರಿನ ಸಿಂಪಡಣೆ, ಕಲ್ಲಿದ್ದಲು ಕೊರೆಯುವ ಜಾಗಕ್ಕೆ ನಿಮಿಷಕ್ಕೆ ಕನಿಷ್ಠ 3,000 ಘನ ಅಡಿ ಗಾಳಿ, ಯಂತ್ರ ಮುಂದೆ ಸರಿದಂತೆ ಗಾಳಿಯನ್ನು ಅತ್ತ ತಿರುಗಿಸುವ ಪರದೆಯೂ ಮುಂದಕ್ಕೆ. ನೀರಿನ ನಳಿಕೆ ಕಟ್ಟಿಕೊಂಡರೆ, ಪರದೆ ಹಿಂದುಳಿದರೆ ದೂಳು ಏರುತ್ತದೆ. ಅಳತೆ ಅದೇ ಪಾಳಿಯಲ್ಲಿ ಸಿಕ್ಕರೆ ನಳಿಕೆಯನ್ನು ಅದೇ ಪಾಳಿಯಲ್ಲಿ ಬಿಚ್ಚಿ ತೊಳೆಯಬಹುದು.