ಪ್ರತಿಕ್ರಿಯೆ: ‘ಕಿಂಗ್ ಲಿಯರ್ ಮತ್ತು ನಾಯಕತ್ವ’ ಪ್ರಾಜೆಕ್ಟ್ ಮೂರು ತುಂಡಾಗಿದೆ, ಏನು ಮಾಡಲಿ?

ನಾಟಕ, ಇತಿಹಾಸ, ಬಿಸಿನೆಸ್ ಮೂರನ್ನೂ ಸೇರಿಸಿದ ನಿಮ್ಮ ಪ್ರಾಜೆಕ್ಟ್ ನೋಡಿ ಗೈಡ್ ‘ಮೂರು ಪ್ರಬಂಧ ಅಂಟಿಸಿದ ಹಾಗಿದೆ’ ಅಂದಿದ್ದಕ್ಕೆ ಕಾರಣ ಬಹುಶಃ ಇದು: ನಿಮ್ಮ ಹತ್ತಿರ ವಿಷಯ ಇದೆ, ಪ್ರಶ್ನೆ ಇಲ್ಲ. ಕರಡು ನೋಡದೆ ಖಚಿತವಾಗಿ ಹೇಳಲಾರೆ, ಆದರೆ ನನ್ನದೂ ಹೀಗೇ ವಾಪಸ್ ಬಂದಿತ್ತು.

ಮೊದಲು ಶೇಕ್ಸ್‌ಪಿಯರನ ಈ ನಾಟಕದ ಒಂದೇ ಎಳೆ ಹಿಡಿಯಿರಿ. ಮುದಿ ರಾಜ ಲಿಯರ್ ತನ್ನ ಇಬ್ಬರು ಹೆಣ್ಣುಮಕ್ಕಳಿಗೆ ರಾಜ್ಯ ಹಂಚಿ ಬಿಟ್ಟುಕೊಡುತ್ತಾನೆ, ಆದರೆ ರಾಜನೆಂಬ ಹೆಸರನ್ನೂ 100 ಯೋಧರನ್ನೂ ಬಿಡುವುದಿಲ್ಲ. ಹೆಣ್ಣುಮಕ್ಕಳು ಅದನ್ನು 50, 25 ಅಂತ ಚೌಕಾಸಿ ಮಾಡಿ ಇಳಿಸುತ್ತಾ ಬಂದು, ಕೊನೆಗೆ ಒಬ್ಬನಾದರೂ ಯಾಕೆ ಬೇಕು ಅನ್ನುತ್ತಾರೆ. ಅಧಿಕಾರ ಕೊಟ್ಟೂ ಕೊಡದಿದ್ದರೆ ಏನಾಗುತ್ತದೆ? ಪ್ರಶ್ನೆ ಇಲ್ಲೇ ಇದೆ, ಅಲ್ವಾ?

ಆಮೇಲೆ ಇತಿಹಾಸ. 1603ರಲ್ಲಿ ಸ್ಕಾಟ್ಲೆಂಡಿನ ದೊರೆ ಜೇಮ್ಸ್ ಇಂಗ್ಲೆಂಡಿಗೂ ದೊರೆಯಾಗಿ, ಎರಡನ್ನೂ ಒಂದು ಮಾಡಲು ಹೊರಟಿದ್ದ. ರಾಜ್ಯ ಒಡೆಯುವ ಈ ನಾಟಕವನ್ನು 1606ರ ಡಿಸೆಂಬರ್ 26ರಂದು ಅವನ ಮುಂದೆಯೇ ಆಡಿದರು. ಇಷ್ಟು ಸಾಕು, ಜಾಸ್ತಿ ತುಂಬಬೇಡಿ.

ಕೊನೆಗೆ ಬಿಸಿನೆಸ್. ಕುರ್ಚಿ ಬಿಟ್ಟರೂ ನಿರ್ಧಾರ ಬಿಡದ ಸ್ಥಾಪಕರಿರುವ ಒಂದೇ ಕಂಪನಿ ಆರಿಸಿ, ಅದರ ವಾರ್ಷಿಕ ವರದಿಗಳನ್ನು ಓದಿ. ಸುಮ್ನೆ ‘ಲಿಯರ್ ಕೆಟ್ಟ ಸಿಇಒ’ ಅಂತ ಬರೆಯಬೇಡಿ. ವ್ಯತ್ಯಾಸ ಬರೆಯಿರಿ: ಸ್ಥಾಪಕನನ್ನು ಪ್ರಶ್ನಿಸಲು ನಿರ್ದೇಶಕರ ಬೋರ್ಡ್ ಇರುತ್ತದೆ, ಲಿಯರ್‌ಗೆ ಎದುರು ಹೇಳಿದ ನಿಷ್ಠಾವಂತ ಸರದಾರ ಕೆಂಟ್‌ಗೆ ಸಿಕ್ಕಿದ್ದು ಗಡೀಪಾರು.

ಈಗ ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆದು, ಅದಕ್ಕೆ ಉತ್ತರಿಸದ ಪ್ಯಾರಾಗಳನ್ನೆಲ್ಲ ಹೊಡೆದು ಹಾಕಿ ಗೈಡ್‌ಗೆ ತೋರಿಸಿ.