ಓದುಗರ ಪ್ರಶ್ನೆ: ಸಾಲ್ವಡಾರ್‌ನ ಡೋಲು, ನಮ್ಮೂರ ತಮಟೆ

ಪ್ರಶ್ನೆ: ಬ್ರೆಜಿಲ್‌ನ ಕಪ್ಪು ಯುವಕರು ಡೋಲಿನ ತಂಡ ಕಟ್ಟಿಯೇ ತಲೆ ಎತ್ತಿ ನಿಂತರು ಎಂದು ಓದಿದೆ. ನಾವು ತಮಟೆ ಬಾರಿಸುವ ಹದಿನೈದು ಹುಡುಗರಿದ್ದೇವೆ. ಜಾತ್ರೆಗೆ, ಸಾವಿಗೆ ಕರೀತಾರೆ, ಕೊಟ್ಟಷ್ಟು ಇಸ್ಕೊಂಡು ಬರ್ತೀವಿ. ಅವರಿಂದ ನಾವು ಕಲಿಯುವುದೇನಿದೆ?
– ಓದುಗರು, ಚಿಂತಾಮಣಿ ತಾಲ್ಲೂಕು

ಉತ್ತರ: ಬಾರಿಸುವುದನ್ನು ನಿಮಗೆ ಯಾರೂ ಕಲಿಸಬೇಕಿಲ್ಲ. ತಮಟೆಗಾಗಿಯೇ 2023ರಲ್ಲಿ ಪದ್ಮಶ್ರೀ ಪಡೆದ ಮುನಿವೆಂಕಟಪ್ಪನವರು ನಿಮ್ಮ ಜಿಲ್ಲೆಯವರೇ. ಕಲಿಯಬೇಕಾದ್ದು, ಬ್ರೆಜಿಲ್‌ನವರು ಡೋಲಿನ ಜೊತೆಗೆ ಓದನ್ನು ಹೇಗೆ ಕಟ್ಟಿದರು ಎಂಬುದನ್ನು.

ಬಹಿಯಾ ರಾಜ್ಯದ ಸಾಲ್ವಡಾರ್ ನಗರದಲ್ಲಿ 1974ರಲ್ಲಿ ಇಲೆ ಆಯೆ ಎಂಬ ಕಪ್ಪು ಜನರದೇ ಡೋಲಿನ ತಂಡ ಹುಟ್ಟಿತು. ಮರುವರ್ಷ ಕಾರ್ನಿವಾಲ್ ಎಂಬ ಬೀದಿಹಬ್ಬದಲ್ಲಿ ಮೆರವಣಿಗೆಗೆ ಇಳಿದಾಗ ಪತ್ರಿಕೆಯೊಂದು ಇವರನ್ನೇ ಜನಾಂಗದ್ವೇಷಿಗಳೆಂದು ಜರೆಯಿತು. ತಂಡ ಬಗ್ಗಲಿಲ್ಲ. ವರ್ಷಕ್ಕೊಂದು ವಿಷಯ ಆರಿಸುತ್ತಾರೆ: ಆಫ್ರಿಕಾದ ಒಂದು ದೇಶ, ಇಲ್ಲವೇ ಕಪ್ಪು ಜನರ ಒಂದು ಬಂಡಾಯ. ಅದರ ಚರಿತ್ರೆಯನ್ನು ಟಿಪ್ಪಣಿ ಮಾಡಿ ಹಾಡು ಕಟ್ಟುವವರ ಕೈಗೆ ಕೊಡುತ್ತಾರೆ. ಪಠ್ಯಪುಸ್ತಕದಲ್ಲಿ ಇಲ್ಲದ್ದು ಹೀಗೆ ಮಕ್ಕಳ ಬಾಯಿಗೆ ಬಂತು. ಇನ್ನೂ ಹಿಂದೆ, 1944ರಲ್ಲಿ ಅಬ್ದಿಯಾಸ್ ದೊ ನಾಸಿಮೆಂಟೊ ರಿಯೊದಲ್ಲಿ ಕಪ್ಪು ಜನರ ರಂಗತಂಡ ಕಟ್ಟಿದಾಗಲೂ ಮನೆಗೆಲಸದವರಿಗೆ, ಕೂಲಿಯವರಿಗೆ ಅಕ್ಷರ ಕಲಿಸುವುದು ತಂಡದ ಕೆಲಸವೇ ಆಗಿತ್ತು.

ನಿಮಗೂ ವಿಷಯಕ್ಕೆ ಬರವಿಲ್ಲ. ಕೆರೆಯ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿಗಳನ್ನೇ ತಗೊಳ್ಳಿ. ನಿಮ್ಮ ಕಡೆ ಅವರಲ್ಲಿ ಹೆಚ್ಚಿನವರು ದಲಿತರೇ. ಊರಿನ ಹಿರಿಯರನ್ನು ಮಾತಾಡಿಸಿ, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ, ಅವರ ಮಾತಿನಲ್ಲೇ ಎಂಟು ಸಾಲು ಹಾಡು ಕಟ್ಟಿ. ಮೊದಲ ಪ್ರದರ್ಶನ ಹದಿನೈದು ನಿಮಿಷ ಮೀರದಿರಲಿ.

ಸಾಲ್ವಡಾರ್‌ನಲ್ಲೇ 1979ರಲ್ಲಿ ಹುಟ್ಟಿದ ಒಲೊಡಂ ತಂಡದಲ್ಲಿ ನೆಗಿನ್ಯೊ ದೊ ಸಾಂಬಾ ಎಂಬುವರು ದೊಡ್ಡ ಡೋಲುಗಳನ್ನು ಗುಂಪುಗಳಾಗಿ ಒಡೆದು, ಒಂದು ಗುಂಪಿನ ಪೆಟ್ಟಿಗೆ ಇನ್ನೊಂದು ಉತ್ತರ ಕೊಡುವಂತೆ ಮಾಡಿದರು. ನೀವೂ ಹಾಗೇ ಮಾಡಬಹುದು: ಐವರು ಮೂಲ ಗತ್ತು, ಏಳು ಮಂದಿ ಉತ್ತರದ ಪೆಟ್ಟು, ಮೂವರು ಬಿರುಸಿನ ಕೈ. ಕೆಡುವುದು ಇಲ್ಲೇ. ಎಲ್ಲರಿಗೂ ಬಿರುಸೇ ಬೇಕು, ಲಯ ಓಡಿಬಿಡುತ್ತದೆ. ಅದಕ್ಕೆ ಅಭ್ಯಾಸದ ಮೊದಲ ಹತ್ತು ನಿಮಿಷ ಮೂಲದವರಷ್ಟೇ ಬಾಯಲ್ಲಿ ಎಣಿಸುತ್ತಾ ಬಾರಿಸಲಿ, ಉಳಿದವರು ಆಮೇಲೆ ಸೇರಲಿ. ತಮಟೆಗಳನ್ನು ಒಟ್ಟಿಗೇ ಕಾಯಿಸಿ. ಬೇರೆ ಬೇರೆ ಕಾದರೆ ನಾದ ಕೂಡುವುದಿಲ್ಲ. ಹುಲ್ಲಿನ ಉರಿಗೆ ತೀರಾ ಹತ್ತಿರ ಹಿಡಿದರೆ ಚರ್ಮ ಅಂಚಿನಲ್ಲಿ ಸೀಳುತ್ತದೆ. ತಿರುಗಿಸುತ್ತಾ ಇರಿ, ಬೆರಳಲ್ಲಿ ತಟ್ಟಿ ನೋಡಿ. ರಾತ್ರಿಯ ಇಬ್ಬನಿಗೆ ಮತ್ತೆ ಸಡಿಲವಾಗುತ್ತದೆ, ವೇದಿಕೆಯ ಹಿಂದೆ ಬೆಂಕಿ ಆರದಿರಲಿ.

ದುಡ್ಡಿನ ಮಾತು ಒಪ್ಪಿಕೊಳ್ಳುವ ಮೊದಲೇ ಆಗಬೇಕು. ತಾರೀಕು, ಎಷ್ಟು ಗಂಟೆ, ಸಂಭಾವನೆ, ಗಾಡಿ ಬಾಡಿಗೆ, ಊಟ – ಒಂದು ಹಾಳೆಯಲ್ಲಿ ಬರೆದು ಮುಂಗಡ ತಗೊಳ್ಳಿ. ಸಾವಿಗೆ ಬಾರಿಸಬೇಕೋ ಬೇಡವೋ ಎಂಬುದು ನಿಮ್ಮ ತೀರ್ಮಾನ, ಊರಿನವರ ಅಪ್ಪಣೆಯಲ್ಲ. ಬೇಡವೆನ್ನುವುದಾದರೆ ಒಬ್ಬನೇ ಹೇಳಬೇಡಿ, ಸಿಟ್ಟೆಲ್ಲ ಅವನ ಮನೆಯ ಮೇಲೆ ಬೀಳುತ್ತದೆ. ತಂಡವಾಗಿ ಹೇಳಿ.

ಪ್ರಶ್ನೆ: ನನ್ನ ಮಗಳಿಗೂ ತಮಟೆಯ ಆಸೆ. ಹುಡುಗರ ತಂಡದಲ್ಲಿ ಕೈಗೇ ಸಿಗುವುದಿಲ್ಲ.
– ತಾಯಿ, ಮಧುಗಿರಿ

ಉತ್ತರ: ಸಾಲ್ವಡಾರ್‌ನಲ್ಲೂ ದೊಡ್ಡ ಡೋಲು ಗಂಡಸರ ಹೆಗಲಲ್ಲೇ ಇತ್ತು. ಅದೇ ನೆಗಿನ್ಯೊ 1993ರಲ್ಲಿ ಹೆಣ್ಣುಮಕ್ಕಳದೇ ಡೋಲಿನ ತಂಡ ಕಟ್ಟಿದರು, ಹೆಸರು ದಿದಾ. ಹುಡುಗಿಯರಿಗೆಂದೇ ಐದಾರು ತಮಟೆ ಬೇರೆ ಇಡಿಸಿ. ಅಭ್ಯಾಸ ಶಾಲೆ ಬಿಟ್ಟ ಮೇಲೆ, ಕತ್ತಲಾಗುವ ಮುಂಚೆ ಮುಗಿಯಲಿ. ವಾರಕ್ಕೊಬ್ಬಳು ಮುಂದೆ ನಿಂತು ಗತ್ತು ಬದಲಿಸುವ ಸನ್ನೆ ಕೊಡಲಿ. ಸಂಭಾವನೆ ಬಂದರೆ ಅವಳ ಪಾಲು ಅವಳ ಕೈಗೇ ಕೊಡಿಸಿ.