ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ನಿದ್ರೆ ಮಾತ್ರೆ, ನೋವಿನ ಮಾತ್ರೆಗಳ ದುರ್ಬಳಕೆ ತಡೆಯಲು ವೃತ್ತಿಪರರಿಗೆ ಎಂಥ ತರಬೇತಿ ಬೇಕು?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ಔಷಧದ ಅಂಗಡಿ ನಡೆಸುವ ನೋಂದಾಯಿತ ಫಾರ್ಮಸಿಸ್ಟ್. ಈಚೆಗೆ ಒಂದು ದಿನದ ಪುನಶ್ಚೇತನ ತರಬೇತಿಗೆ ಹೋಗಿದ್ದೆ. ಯಾವ ಔಷಧ ಕಾನೂನಿನ ಯಾವ ಷೆಡ್ಯೂಲಿಗೆ, ಅಂದರೆ ಪಟ್ಟಿಗೆ, ಸೇರುತ್ತದೆ ಎಂಬುದನ್ನು ಚೆನ್ನಾಗಿಯೇ ತಿಳಿಸಿದರು. ಆದರೆ ಎಂದೋ ಬರೆಸಿದ ಹಳೆಯ ಚೀಟಿ ಹಿಡಿದು ಬಂದು ಅಲ್ಪ್ರಜೋಲಾಮ್ ಎಂಬ ನಿದ್ರೆ ಮಾತ್ರೆ ಕೇಳುವ ನಮ್ಮ ಊರ ಕಡೆಯ ಹಿರಿಯರಿಗೆ ಏನು ಹೇಳಬೇಕೆಂಬುದನ್ನು ಯಾರೂ ಕಲಿಸಲಿಲ್ಲ. ಕೊಡದಿದ್ದರೆ ಮನಸ್ತಾಪ, ಕೊಟ್ಟರೆ ಅಳುಕು. ಏನು ಮಾಡಬೇಕು?

ಉತ್ತರ: ನೀವು ಕೇಳಿರುವುದು ಈ ವಿಷಯದ ಅತ್ಯಂತ ಕಷ್ಟದ ಪ್ರಶ್ನೆ, ಮತ್ತು ತರಬೇತಿಗಳು ಸಾಮಾನ್ಯವಾಗಿ ಬಿಟ್ಟುಬಿಡುವ ಪ್ರಶ್ನೆಯೂ ಹೌದು. ಚೀಟಿಯ ಔಷಧಗಳ ದುರ್ಬಳಕೆಯನ್ನು ತಡೆಯುವ ಕೆಲಸ ನಡೆಯುವುದು ಕೌಂಟರಿನ ಮುಂದಿನ ಎರಡು ನಿಮಿಷದ ಮಾತಿನಲ್ಲಿ. ಆ ಮಾತನ್ನು ಅಭ್ಯಾಸ ಮಾಡಿಸದ ತರಬೇತಿಯಿಂದ ನೋಂದಣಿ ನವೀಕರಣದ ಅಗತ್ಯ ಪೂರೈಸೀತೇ ಹೊರತು ನಿಮ್ಮ ಅಳುಕು ಹೋಗುವುದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಕಾನೂನಿನ ಬಗ್ಗೆ ಸ್ವಲ್ಪ ಹೇಳುತ್ತೇನೆ. ನಿದ್ರೆ ಮಾತ್ರೆಗಳಾದ ಅಲ್ಪ್ರಜೋಲಾಮ್, ಡಯಜೆಪಾಮ್, ಜೋಲ್ಪಿಡೆಮ್, ಕೆಮ್ಮಿನ ಸಿರಪ್ಪಿನಲ್ಲಿರುವ ಕೊಡೀನ್, ನೋವಿನ ಔಷಧ ಟ್ರಮಾಡಾಲ್ ಇವೆಲ್ಲವೂ 2014ರ ಮಾರ್ಚ್ 1ರಿಂದ ಜಾರಿಗೆ ಬಂದ ಷೆಡ್ಯೂಲ್ ಎಚ್-1ರಲ್ಲಿವೆ. ಚೀಟಿ ಬರೆದ ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧದ ಹೆಸರು ಮತ್ತು ಪ್ರಮಾಣವನ್ನು ಪ್ರತ್ಯೇಕ ವಹಿಯಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. ಇದು ನಿಮಗೆ ತಿಳಿದದ್ದೇ. ಆದರೆ ಔಷಧ ನಿಯಮಾವಳಿಯ 65ನೆಯ ನಿಯಮದಲ್ಲಿ ಇನ್ನೊಂದು ಮಾತಿದೆ. ಅದನ್ನು ಪಾಲಿಸುವ ಅಂಗಡಿಗಳು ವಿರಳ. ವೈದ್ಯರು ಮತ್ತೆ ಕೊಡಬಹುದೆಂದು ಬರೆಯದ ಹೊರತು ಒಂದು ಚೀಟಿಗೆ ಒಂದೇ ಸಲ ಔಷಧ ಕೊಡಬೇಕು, ಮತ್ತು ಕೊಟ್ಟಾಗ ವೈದ್ಯರ ಸಹಿಯ ಮೇಲ್ಭಾಗದಲ್ಲಿ ಅಂಗಡಿಯ ಹೆಸರು, ವಿಳಾಸ, ದಿನಾಂಕಗಳನ್ನು ನಮೂದಿಸಬೇಕು. ಒಬ್ಬ ರೋಗಿಗೆ ಎಲ್ಲೆಲ್ಲಿ ಯಾವ ಔಷಧ ಸಿಕ್ಕಿದೆ ಎಂದು ಎಲ್ಲ ಅಂಗಡಿಗಳೂ ನೋಡಬಹುದಾದ ಕಂಪ್ಯೂಟರ್ ದಾಖಲೆ ಅಮೆರಿಕದ ರಾಜ್ಯಗಳಲ್ಲಿದೆ, ನಮ್ಮಲ್ಲಿಲ್ಲ. ಹೀಗಾಗಿ ಆ ವಿವರಗಳಿರುವ, ನೀವು ಚೀಟಿಯ ಮೇಲೆ ಒತ್ತುವ ಮುದ್ರೆಯೊಂದೇ ಠಾಕುರ್ಲಿಯ ಅಥವಾ ಕಲ್ಯಾಣದ ಇನ್ನೊಬ್ಬ ಫಾರ್ಮಸಿಸ್ಟನಿಗೆ ತಲುಪುವ ಸುದ್ದಿ. ಇವತ್ತಿನಿಂದಲೇ ತಪ್ಪದೆ ಮುದ್ರೆ ಒತ್ತಲು ಆರಂಭಿಸಿ.

ಇನ್ನು ಮಾತು. ಮಾತ್ರೆ ಕೇಳುವ ಹಿರಿಯರಲ್ಲಿ ಹೆಚ್ಚಿನವರು ನಶೆಗಾಗಿ ಕೇಳುತ್ತಿರುವುದಿಲ್ಲ. ಎಂದೋ ಆಪ್ತರು ತೀರಿಕೊಂಡಾಗಲೋ ಶಸ್ತ್ರಚಿಕಿತ್ಸೆಯ ನಂತರವೋ ಹದಿನೈದು ದಿನಕ್ಕೆಂದು ಬರೆದುಕೊಟ್ಟ ಮಾತ್ರೆ ವರ್ಷಗಟ್ಟಲೆ ಮುಂದುವರಿದಿರುತ್ತದೆ. ಮಿದುಳು ಅದಕ್ಕೆ ಹೊಂದಿಕೊಂಡಿರುತ್ತದೆ. ಬಿಟ್ಟ ರಾತ್ರಿ ನಿದ್ರೆ ಬಾರದೆ, ಎದೆ ಬಡಿದುಕೊಂಡು, ಕೈ ನಡುಗಿ, ಮಾತ್ರೆಯಿಲ್ಲದೆ ಬದುಕಿಲ್ಲ ಎಂದು ಅವರಿಗೆ ಅನಿಸುತ್ತದೆ. ದೀರ್ಘಕಾಲ ಸೇವಿಸಿದವರು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಅಪಸ್ಮಾರದಂಥ ಸೆಳೆತವೂ ಬರಬಹುದು. ಆದ್ದರಿಂದ ‘ಚೀಟಿ ಹಳೆಯದು, ಕೊಡುವುದಿಲ್ಲ’ ಎಂದಷ್ಟೇ ಹೇಳಿ ಕಳುಹಿಸಿದರೆ ನಿಯಮ ಪಾಲನೆಯಾಗುತ್ತದೆ, ಆದರೆ ರೋಗಿ ಅಪಾಯದಲ್ಲಿ ಉಳಿಯುತ್ತಾರೆ ಅಥವಾ ಏನೂ ಕೇಳದೆ ಕೊಡುವ ಅಂಗಡಿ ಹುಡುಕುತ್ತಾರೆ.

ನಾನು ಸೂಚಿಸುವ ಮಾತು ಹೀಗಿದೆ: ‘ಅಜ್ಜಾ, ಈ ಮಾತ್ರೆಯನ್ನು ಹೊಸ ಚೀಟಿಯಿಲ್ಲದೆ ನಾನು ಕೊಡುವಂತಿಲ್ಲ. ಆದರೆ ನೀವು ಒಮ್ಮೆಲೇ ಬಿಡಲೂಬಾರದು. ಮನೆಯಲ್ಲಿ ಎಷ್ಟು ಉಳಿದಿವೆ? ಇವತ್ತೇ ಡಾಕ್ಟರನ್ನು ನೋಡುವ ಹಾಗೆ ನಾನೇ ಫೋನು ಮಾಡಿ ಹೇಳುತ್ತೇನೆ.’ ಹೀಗೆ ಹೇಳಿದಾಗ ನಿರಾಕರಣೆಯ ಜೊತೆಗೆ ಒಂದು ದಾರಿಯೂ ಸಿಗುತ್ತದೆ, ಸಂಬಂಧವೂ ಉಳಿಯುತ್ತದೆ. ವೈದ್ಯರಿಗೆ ಫೋನು ಮಾಡುವುದು ರೋಗಿಯನ್ನು ಪರೀಕ್ಷಿಸಲೆಂದೇ ಹೊರತು ಬಾಯಿಮಾತಿನ ಅನುಮತಿಗಾಗಿ ಅಲ್ಲ ಎಂಬುದನ್ನು ಮರೆಯಬೇಡಿ. ನಮ್ಮ ಮುಂಬಯಿಯಲ್ಲಿ ಕನ್ನಡ ಅಥವಾ ತುಳುವಿನಲ್ಲಿ ಮಾತ್ರ ಮನಸ್ಸು ಬಿಚ್ಚಿ ಮಾತನಾಡಬಲ್ಲ ಹಿರಿಯರು ಬಹಳ ಮಂದಿ ಇದ್ದಾರೆ. ಅವರಿಗೆ ನಿಮ್ಮಂಥವರು ಹೇಳುವ ಮಾತಿನ ತೂಕವೇ ಬೇರೆ.

ಎಲ್ಲರೂ ಇಂಥ ಹಿರಿಯರೇ ಆಗಿರುವುದಿಲ್ಲ ನಿಜ. ಚೀಟಿಯ ಜೆರಾಕ್ಸ್ ಪ್ರತಿ, ಬೇರೆ ಶಾಯಿಯಲ್ಲಿ ತಿದ್ದಿದ ಅಂಕಿ, ಕೆಮ್ಮೇ ಇಲ್ಲದವರು ಒಟ್ಟಿಗೆ ಕೇಳುವ ನಾಲ್ಕಾರು ಬಾಟಲಿ ಕೊಡೀನ್ ಸಿರಪ್, ಟ್ರಮಾಡಾಲ್ ಮತ್ತು ನರನೋವಿನ ಔಷಧ ಪ್ರಿಗ್ಯಾಬಲಿನ್‌ಗಳನ್ನು ಜೊತೆಯಾಗಿ ಕೇಳುವ ಯುವಕರು, ಇವು ಎಚ್ಚರದ ಗುರುತುಗಳು. ಕೊನೆಯ ಜೋಡಿಯಂತೂ ಉಸಿರಾಟವನ್ನೇ ಕುಗ್ಗಿಸಬಲ್ಲದು. ಅಂಥವರೊಡನೆ ವಾದಕ್ಕಿಳಿಯದೆ, ಅವಮಾನಿಸದೆ, ಚಿಕ್ಕ ಮಾತಿನಲ್ಲಿ ನಿರಾಕರಿಸಿ, ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ರ ಸಂಖ್ಯೆಯನ್ನು ಕೈಗಿಡಿ.

2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಐದು ವರ್ಷಗಳಲ್ಲಿ ಕನಿಷ್ಠ ಎರಡು ಪುನಶ್ಚೇತನ ತರಬೇತಿಗಳನ್ನು ಬಯಸುತ್ತವೆ. ಮುಂದಿನ ಸಲ ಹೋದಾಗ ಒಬ್ಬರು ಗಿರಾಕಿಯಾಗಿ, ಒಬ್ಬರು ಫಾರ್ಮಸಿಸ್ಟ್ ಆಗಿ ಅಭಿನಯಿಸಿ ಕಲಿಯುವ ಒಂದು ಅವಧಿ ಬೇಕೆಂದು ಸಂಘಟಕರನ್ನು ಒತ್ತಾಯಿಸಿ. ಮಾಟುಂಗದ ನಮ್ಮ ಸಂಘಗಳ ಸಭಾಂಗಣಗಳಲ್ಲಿ ಕನ್ನಡಿಗ ವೈದ್ಯರು ಮತ್ತು ಫಾರ್ಮಸಿಸ್ಟರು ಒಟ್ಟಿಗೆ ಕುಳಿತು ಅರ್ಧ ದಿನ ಇದನ್ನೇ ಮಾಡಿದರೆ ನಾನು ಸಂತೋಷದಿಂದ ಬರುತ್ತೇನೆ.

ಪ್ರಶ್ನೆ: ನಾನು ಪಿಂಪ್ರಿ-ಚಿಂಚವಡದಲ್ಲಿ ಕುಟುಂಬ ವೈದ್ಯ. ಕಾರ್ಖಾನೆಯ ಕೆಲಸಗಾರರು ಬೆನ್ನುನೋವಿಗೆ ಟ್ರಮಾಡಾಲ್ ಕೇಳಿಕೊಂಡೇ ಬರುತ್ತಾರೆ. ಕ್ರೆಡಿಟ್ ಅಂಕಗಳಿಗಾಗಿ ಹೋಗುವ ಸಿಎಂಇ ಎಂಬ ನಿರಂತರ ವೈದ್ಯಕೀಯ ಶಿಕ್ಷಣದ ಸಭೆಗಳಲ್ಲಿ ಹಲವು, ಔಷಧ ಕಂಪನಿಗಳ ಪ್ರಾಯೋಜಕತ್ವದವು. ನಿಜಕ್ಕೂ ಉಪಯೋಗವಾಗುವ ತರಬೇತಿಯನ್ನು ಆರಿಸಿಕೊಳ್ಳುವುದು ಹೇಗೆ?

ಉತ್ತರ: ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ಗೆ ಐದು ವರ್ಷಗಳಲ್ಲಿ 30 ಅಂಕ ತೋರಿಸಬೇಕಾಗಿರುವುದರಿಂದ ಹತ್ತಿರದಲ್ಲಿ ಸಿಕ್ಕಿದ ಸಭೆಗೆ ಹೋಗುವುದು ಸಹಜ. ಆದರೂ ನೋವಿನ ಔಷಧಗಳ ವಿಷಯದಲ್ಲಿ ಖರ್ಚು ಯಾರದು ಎಂದು ಮೊದಲು ಕೇಳಿ. ಅಮೆರಿಕದಲ್ಲಿ 1996ರಲ್ಲಿ ಆಕ್ಸಿಕಾಂಟಿನ್ ಎಂಬ ಅಫೀಮು ಮೂಲದ ನೋವಿನ ಮಾತ್ರೆ ಮಾರುಕಟ್ಟೆಗೆ ಬಂದಾಗ, ಈ ಗುಂಪಿನ ಔಷಧಗಳಿಂದ ಚಟ ಹತ್ತುವುದು ಅಪರೂಪ ಎಂಬ ಮಾತನ್ನು ವೈದ್ಯರಿಗೆ ತಲುಪಿಸಿದ್ದರಲ್ಲಿ ತಯಾರಕರ ಹಣದಿಂದ ನಡೆದ ಶಿಕ್ಷಣ ಕಾರ್ಯಕ್ರಮಗಳ ಪಾಲು ದೊಡ್ಡದು. ಚಟದ ಅಪಾಯದ ಬಗ್ಗೆ ತಪ್ಪು ದಾರಿಗೆಳೆದದ್ದಕ್ಕಾಗಿ ಅದರ ತಯಾರಕ ಪರ್ಡ್ಯೂ ಕಂಪನಿ 2007ರಲ್ಲಿ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡಿತು. ಅಷ್ಟರಲ್ಲಿ ಹಾನಿ ಹಬ್ಬಿಯಾಗಿತ್ತು. ನಿಯಂತ್ರಿತ ಔಷಧಗಳನ್ನು ಬರೆಯುವ ಅಲ್ಲಿನ ವೈದ್ಯರಿಗೆ 2023ರ ಜೂನ್‌ನಿಂದ ಎಂಟು ಗಂಟೆಗಳ ವ್ಯಸನ ಚಿಕಿತ್ಸೆಯ ತರಬೇತಿ ಕಡ್ಡಾಯವಾಗಿದೆ.

ನಮ್ಮ ಸ್ಥಿತಿ ಇನ್ನೂ ತೊಡಕಿನದು. ಒಂದೆಡೆ, ಏಮ್ಸ್ ನೇತೃತ್ವದ 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವಯಸ್ಸಿನವರಲ್ಲಿ ಶೇ 1.08ರಷ್ಟು ಮಂದಿ ವೈದ್ಯಕೀಯ ಅಗತ್ಯದ ಹೊರಗೆ ನಿದ್ರಾಜನಕಗಳನ್ನು ಬಳಸುತ್ತಾರೆ. ಇನ್ನೊಂದೆಡೆ, ಕ್ಯಾನ್ಸರ್ ನೋವಿನಿಂದ ನರಳುವವರಿಗೆ ಮಾರ್ಫಿನ್ ಸಿಗುವುದೇ ದುರ್ಲಭ. ಎನ್‌ಡಿಪಿಎಸ್ ಎಂಬ ಮಾದಕ ವಸ್ತುಗಳ ನಿಯಂತ್ರಣ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತಂದದ್ದು ಆ ದಾರಿಯನ್ನು ಸುಗಮಗೊಳಿಸಲೆಂದೇ. ಭಯವನ್ನಷ್ಟೇ ಕಲಿಸುವ ತರಬೇತಿಯೂ ಕೆಟ್ಟದ್ದು. ನೋವನ್ನು ನಂಬಿ ಚಿಕಿತ್ಸೆ ಕೊಡುವುದನ್ನೂ ಔಷಧವನ್ನು ಸಕಾಲದಲ್ಲಿ ಇಳಿಸುವುದನ್ನೂ ಒಟ್ಟಿಗೆ ಹೇಳಿಕೊಡುವ ಕಾರ್ಯಕ್ರಮವನ್ನು ಆರಿಸಿಕೊಳ್ಳಿ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ವ್ಯಸನ ಚಿಕಿತ್ಸೆಯ ಬಗ್ಗೆ ವೈದ್ಯರಿಗಾಗಿ ಆನ್‌ಲೈನ್ ತರಬೇತಿಗಳನ್ನು ನಡೆಸುತ್ತ ಬಂದಿದೆ. ಅವುಗಳಲ್ಲಿ ನಿಮ್ಮದೇ ರೋಗಿಯ ಪ್ರಕರಣವನ್ನು ಹೆಸರು ಹೇಳದೆ ಮಂಡಿಸಿ ಚರ್ಚಿಸಬಹುದು. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಕಲಿಕೆಯ ವಿಧಾನವಿಲ್ಲ.

ನಿಮ್ಮ ಬೆನ್ನುನೋವಿನ ರೋಗಿಗಳ ಬಗ್ಗೆ ಹೇಳುವುದಾದರೆ, ಟ್ರಮಾಡಾಲ್ 2018ರಿಂದ ಎನ್‌ಡಿಪಿಎಸ್ ಪಟ್ಟಿಯಲ್ಲಿದೆ. ಹೆಚ್ಚಿನ ಪ್ರಮಾಣದಲ್ಲಿ ಅದು ಸೆಳೆತ ತರುತ್ತದೆ. ಖಿನ್ನತೆಯ ಕೆಲವು ಔಷಧಗಳ ಜೊತೆ ಸೇರಿದರೆ ಸೆರೊಟೋನಿನ್ ಸಿಂಡ್ರೋಮ್ ಎಂಬ ಅಪಾಯಕರ ಪ್ರತಿಕ್ರಿಯೆ ಉಂಟಾಗಬಹುದು. ಆರಂಭಿಸುವ ದಿನವೇ ನಿಲ್ಲಿಸುವ ದಿನವನ್ನು ರೋಗಿಗೆ ಹೇಳಿ, ಮಾತ್ರೆಗಳ ಸಂಖ್ಯೆಯನ್ನು ಅಕ್ಷರಗಳಲ್ಲಿ ಬರೆಯಿರಿ, ಪಾಳಿ ಕೆಲಸ, ಮದ್ಯಪಾನ ಮತ್ತು ಹಿಂದಿನ ವ್ಯಸನಗಳ ಬಗ್ಗೆ ಎಲ್ಲ ರೋಗಿಗಳನ್ನೂ ಒಂದೇ ರೀತಿಯಲ್ಲಿ ಕೇಳಿ. ಅನುಮಾನ ಬಂದವರನ್ನಷ್ಟೇ ಕೇಳಿದರೆ ಅವರು ಮುಚ್ಚಿಡುತ್ತಾರೆ. ಈಗಾಗಲೇ ಅಲ್ಪ್ರಜೋಲಾಮ್, ಡಯಜೆಪಾಮ್ ಮುಂತಾದ ಬೆಂಜೋಡಯಜೆಪೈನ್ ಗುಂಪಿನ ಮಾತ್ರೆಗಳಿಗೆ ಒಗ್ಗಿಹೋದವರಿದ್ದರೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಪ್ರಮಾಣವನ್ನು ಶೇ 5ರಿಂದ 10ರಷ್ಟು ಇಳಿಸುತ್ತ ಹೋಗುವುದು ಸುರಕ್ಷಿತವಾದ ಆರಂಭ. ಅವಸರ ಬೇಡ. ಪುಣೆಯಲ್ಲಿ 1986ರಿಂದ ಕೆಲಸ ಮಾಡುತ್ತಿರುವ ಮುಕ್ತಾಂಗಣದಂಥ ವ್ಯಸನಮುಕ್ತಿ ಕೇಂದ್ರ ನಿಮ್ಮ ಹತ್ತಿರದಲ್ಲೇ ಇದೆ. ರೋಗಿಯನ್ನು ಕಳುಹಿಸುವ ಮುನ್ನ ಒಮ್ಮೆ ನೀವೇ ಹೋಗಿ ಅಲ್ಲಿನವರನ್ನು ಕಂಡು ಬನ್ನಿ.

ಪ್ರಶ್ನೆ: ಮಡಗಾಂವಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿಯಾಗಿದ್ದೇನೆ. ಸಹೋದ್ಯೋಗಿಯೊಬ್ಬರು ರೋಗಿಗೆ ಕೊಟ್ಟು ಉಳಿದ ನೋವಿನ ಇಂಜೆಕ್ಷನ್ ತಾವೇ ತೆಗೆದುಕೊಳ್ಳುತ್ತಿದ್ದಾರೆಂಬ ಅನುಮಾನವಿದೆ. ದೂರು ಕೊಟ್ಟರೆ ಅವರ ಕೆಲಸ ಹೋದೀತು ಎಂಬ ಭಯ.

ಉತ್ತರ: ಸುಮ್ಮನಿದ್ದರೆ ಅವರ ಜೀವವೇ ಹೋಗಬಹುದು, ರೋಗಿಗೆ ಸಿಗಬೇಕಾದ ನೋವು ಶಮನವೂ ತಪ್ಪಬಹುದು. ಆದ್ದರಿಂದ ನಿಮ್ಮ ಮೇಲ್ವಿಚಾರಕಿಗೆ ಏಕಾಂತದಲ್ಲಿ, ನೀವು ಕಣ್ಣಾರೆ ಕಂಡದ್ದನ್ನಷ್ಟೇ ತಿಳಿಸಿ. ಇತರರೊಡನೆ ಚರ್ಚಿಸಬೇಡಿ. ಉಳಿದ ಔಷಧವನ್ನು ಇಬ್ಬರ ಸಹಿಯೊಂದಿಗೆ ನಾಶಪಡಿಸುವ, ಪಾಳಿ ಬದಲಾಗುವಾಗ ಇಂಜೆಕ್ಷನ್ ಔಷಧದ ಪುಟ್ಟ ಸೀಸೆಗಳಾದ ಆಂಪೂಲ್‌ಗಳನ್ನು ಎಣಿಸುವ ಪದ್ಧತಿ ನಿಮ್ಮಲ್ಲಿ ಇಲ್ಲವಾದರೆ ಎಲ್ಲರಿಗೂ ಅನ್ವಯವಾಗುವಂತೆ ಅದನ್ನು ಆರಂಭಿಸಲು ಕೇಳಿ. ಆಗ ಯಾರ ಕಡೆಗೂ ಬೆರಳು ತೋರಿಸಿದಂತಾಗುವುದಿಲ್ಲ.

ನಿಮ್ಮ ಸಹೋದ್ಯೋಗಿಗೆ ಇರುವುದು ಕಾಯಿಲೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಮಾದಕ ವಸ್ತುಗಳ ವ್ಯಸನಕ್ಕೆ ಸಂಬಂಧಿಸಿದ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ ಮತ್ತು ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡುವ ಹಕ್ಕನ್ನು ಕೊಡುತ್ತದೆ. ವ್ಯಸನಿಯು ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಮುಂದಾದರೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ವಿಚಾರಣೆಯಿಂದ ರಕ್ಷಣೆ ನೀಡುವ 64-ಎ ಎಂಬ ಕಲಮು ಎನ್‌ಡಿಪಿಎಸ್ ಕಾಯ್ದೆಯಲ್ಲಿದೆ. ಇದನ್ನು ಅವರಿಗೆ ತಿಳಿಸುವವರು ಬೇಕು. ಬಾಂಬೋಳಿಯ ಮನೋವೈದ್ಯಕೀಯ ಮತ್ತು ಮಾನವ ವರ್ತನೆಯ ಸಂಸ್ಥೆಯಲ್ಲಿ ಚಿಕಿತ್ಸೆ ದೊರೆಯುತ್ತದೆ. ಅಲ್ಲಿಗೆ ಹೋಗಲು ಅವರು ಹಿಂಜರಿದರೆ ಮೊದಲು ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಲಿ. ಅಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.